ಗಾಜಿನ ಹಿಂದಿದ್ದ ಅಜ್ಜಿ

ಒದ್ದೆಯಾಗಿ ಒಣಗಿದ ಕಾಗದದ ಮುಗ್ಗುಲು ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ದುಃಖವೂ ಬರುತ್ತದೆ, ಆದರೆ ಅದು ಹಿಂದಿನಿಂದ, ನಿಧಾನಕ್ಕೆ. ಹೋದ ಮಳೆಗಾಲದಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಮಗಳು ಬರೆದ ಬಣ್ಣದ ಚಿತ್ರವೊಂದನ್ನು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಗೋಡೆಯ ಆಚೆ ಬದಿಗೆ ಬಚ್ಚಲಮನೆ. ಚಿತ್ರದ ಕೆಳಗಿನ ಮೂಲೆ ಚಹಾ ಚೆಲ್ಲಿದ ಹಾಗೆ ಕಂದು ತಿರುಗಿ, ಕಾಗದ ಉಬ್ಬಿ ಗಾಜಿಗೆ ಅಂಟಿಕೊಂಡಿತ್ತು. ಹತ್ತಿರ ಹೋದರೆ ಅದೇ ವಾಸನೆ. ಇವತ್ತೇ ಕೆಳಗಿಳಿಸಿ, ಹಿಂದಿನ ಹಲಗೆ ಬಿಚ್ಚಿ ನೆರಳಿನಲ್ಲಿ ಒಣಗಿಸಿ ಎಂದೆ. ಆಕೆ ನಕ್ಕು, ಕಾಗದ ತಾನೆ, ಮಗಳು ಇನ್ನೊಂದು ಬರೀತಾಳೆ ಬಿಡಿ ಎಂದರು. ಇನ್ನೊಂದು ಬರೆಯುತ್ತಾಳಂತೆ. ಆ ಮಾತು ಕೇಳಿದ ಮೇಲೆ ಅವರು ಕೊಟ್ಟ ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಇನ್ನೊಂದು ಬರೆಯಲಾಗದ ಚಿತ್ರವೊಂದು ನಮ್ಮ ಮನೆಯಲ್ಲಿತ್ತು. ಅದನ್ನು ಕಳೆದದ್ದು ಕಳ್ಳರಲ್ಲ, ಗೆದ್ದಲಲ್ಲ, ಮಳೆಯೂ ಅಲ್ಲ. ನಮ್ಮವರೇ, ಭಕ್ತಿಯಿಂದ, ಕೈಮುಗಿದು, ಕಾಯಿ ಒಡೆದು ಕಳೆದರು. ಅದನ್ನು ಸಮಾಧಾನದಿಂದ ಹೇಳಲು ನನಗೆ ಬರುವುದಿಲ್ಲ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕೊಟ್ಟೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಮಾರುವ ಅಂಗಡಿಗಳು ಎದ್ದಿವೆ, ಮುಂದೆ ನಿಂತರೆ ಬಾಗಿಲು ಎಲ್ಲಿತ್ತು ಎಂಬುದೂ ಗೊತ್ತಾಗುವುದಿಲ್ಲ. ಆಗ ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲೂ ತಂಪು. ಮೇಲಿನ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಪಡಸಾಲೆಗೆ ಇಳಿದು, ಹೊತ್ತು ಏರಿದಂತೆ ಗೋಡೆಯಿಂದ ಗೋಡೆಗೆ ನಡೆಯುತ್ತಿತ್ತು. ಮೂಲೆಯಲ್ಲಿ ಶೇಂಗಾ ಚೀಲಗಳ ವಾಸನೆ, ಅಡುಗೆಮನೆಯಿಂದ ರೊಟ್ಟಿ ಬೇಯುವ ವಾಸನೆ, ಮಳೆ ಬಂದರೆ ಜಂತಿಗಳ ಸಂದಿನಿಂದ ತೊಟ್ಟಿಕ್ಕುವ ಕೆಸರು ನೀರಿನ ವಾಸನೆ. ಮನೆಯ ಯಜಮಾನ ನಮ್ಮ ದೊಡ್ಡಪ್ಪ. ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ. ಅವನ ತಮ್ಮ ನನ್ನ ಅಪ್ಪ, ಅದೇ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುತ್ತಿದ್ದ, ಅಣ್ಣನ ಮುಂದೆ ದನಿ ಎತ್ತಿದವನೇ ಅಲ್ಲ. ಇವರಿಬ್ಬರಿಗೂ ಒಬ್ಬಳೇ ತಂಗಿ, ಗಿರಿಜತ್ತೆ. ಅವಳನ್ನು ಹಿರೇಹಡಗಲಿಗೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಹಾಗೆ ಬಂದವಳಿಗೆ ರೊಟ್ಟಿ ತಟ್ಟುವುದು, ಮಾಳಿಗೆ ಮೇಲೆ ಕಾಳು ಒಣಹಾಕುವುದು ಬಿಟ್ಟು ಇನ್ನೊಂದು ಕೆಲಸ ಇರಬಾರದು ಎಂದು ಮನೆಯವರು ತಿಳಿದಿದ್ದರು. ಅವಳ ಅವ್ವ, ಅಂದರೆ ನನ್ನ ಅಜ್ಜಿ ಮಾತ್ರ ಹಾಗೆ ತಿಳಿಯಲಿಲ್ಲ. ಅವಳು ಬೆನ್ನಿಗೆ ನಿಂತದ್ದರಿಂದ ಅತ್ತೆ ಡ್ರಾಯಿಂಗ್ ಪರೀಕ್ಷೆ ಕಟ್ಟಿ, ಪಾಸಾಗಿ, ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾದಳು.

ಅಜ್ಜಿ ತನ್ನ ಜನ್ಮದಲ್ಲಿ ಒಂದು ಫೋಟೋ ತೆಗೆಸಿಕೊಂಡವಳಲ್ಲ. ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ನಂಬಿಕೆ. ಮಕ್ಕಳ ಮದುವೆಯಲ್ಲಿ ಫೋಟೋದವನು ಬಂದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳಂತೆ. ಆದರೆ ಮಗಳು ಪೆನ್ಸಿಲ್ ಹಿಡಿದು ಕುಳಿತಾಗ ಮಾತ್ರ ಬೇಡವೆನ್ನಲಿಲ್ಲ. ಯಂತ್ರ ಜೀವ ಎಳೆದುಕೊಳ್ಳುತ್ತದೆ, ಕೈ ಎಳೆದುಕೊಳ್ಳುವುದಿಲ್ಲ ಎಂದಳಂತೆ. ಒಂದು ಬೇಸಿಗೆಯ ರಜೆ ಪೂರ್ತಿ ಅತ್ತೆ ಅವಳನ್ನು ಬರೆದಳು. ಮೊದಲು ಪೆನ್ಸಿಲ್ಲಿನಲ್ಲಿ, ಆಮೇಲೆ ನೀರಿನ ಬಣ್ಣದಲ್ಲಿ. ಮೊಣಕಾಲ ಮುಂದೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತ ಕುಳಿತ ಅಜ್ಜಿ, ಯಾರೋ ಕರೆದರೆಂದು ಆಗಷ್ಟೇ ತಲೆ ಎತ್ತಿದಂತೆ ಇತ್ತು ಚಿತ್ರ. ಬೆರಳ ನಡುವೆ ಒಡೆದ ಕಾಯಿ ಹಾಗೇ ನಿಂತಿತ್ತು. ಇಳಕಲ್ ಸೀರೆಯ ಸೆರಗಿನ ಕೆಂಪು, ಮೂಗುಬಟ್ಟಿನ ಮೇಲೆ ಬಿದ್ದ ಚೂರು ಬೆಳಕು, ಕಿವಿಯ ಜೋತ ತೂತು, ಎಲ್ಲ ಇದ್ದವು. ಮರುವರ್ಷ ಅಜ್ಜಿ ತೀರಿಕೊಂಡಳು. ನಾನು ಆಗ ಕೈಗೂಸು, ನನಗೆ ಅವಳ ನೆನಪಿಲ್ಲ. ಆ ಊರಲ್ಲಿ, ಆ ವಂಶದಲ್ಲಿ, ಅಜ್ಜಿಯ ಮುಖ ಉಳಿದದ್ದು ಆ ಒಂದು ಹಾಳೆಯ ಮೇಲೆ ಮಾತ್ರ. ಶಾಲೆಯಿಂದ ಬಂದು ಪಾಟಿಚೀಲ ಇಟ್ಟು ತಲೆ ಎತ್ತಿದರೆ ಅವಳು ನನ್ನನ್ನೇ ಯಾರು ಬಂದರು ಎಂದು ನೋಡುತ್ತಿದ್ದಳು. ನನಗೆ ಅಜ್ಜಿ ಎಂದರೆ ಅಷ್ಟೇ, ಮತ್ತು ಅಷ್ಟು ಸಾಕಾಗಿತ್ತು.

ಆ ಚಿತ್ರವನ್ನು ಅತ್ತೆ ಸಾಕಿದ ರೀತಿ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ಸಾಕಿದಳು ಎಂದೇ ಹೇಳುತ್ತೇನೆ, ಕೂಸನ್ನು ಸಾಕಿದ ಹಾಗೆ. ಬಡಗಿಯಿಂದ ಸಾಗವಾನಿ ಕಟ್ಟು ಮಾಡಿಸಿದಳು. ಆದರೆ ಚಿತ್ರ ಕೂರಿಸುವ ಕೆಲಸ ಅವನ ಕೈಗೆ ಕೊಡಲಿಲ್ಲ. ಗಾಜು ಕಾಗದಕ್ಕೆ ತಾಗಬಾರದೆಂದು ನಾಲ್ಕೂ ಅಂಚಿಗೆ ದಪ್ಪ ರಟ್ಟಿನ ಪಟ್ಟಿ ಇಟ್ಟಳು. ತಾಗಿದರೆ ಮಳೆಗಾಲದಲ್ಲಿ ಬಣ್ಣ ಗಾಜಿಗೆ ಹತ್ತುತ್ತದೆ. ಹಾಳೆಯನ್ನು ಹಿಂದಿನ ಹಲಗೆಗೆ ಪೂರ್ತಿ ಮೆತ್ತಲಿಲ್ಲ. ಮೇಲಿನ ಎರಡು ಮೂಲೆಗೆ ತೆಳ್ಳನೆಯ ಕಾಗದದ ಚೂರು ಅಂಟಿಸಿ ಅದರಿಂದ ಇಳಿಬಿಟ್ಟಳು. ಕಾಗದಕ್ಕೂ ಉಸಿರಾಟ ಇದೆ, ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಕೈಕಾಲು ಕಟ್ಟಿ ಹಾಕಬಾರದು ಎನ್ನುತ್ತಿದ್ದಳು. ಅಂಟು ಮನೆಯಲ್ಲೇ ಕಾಸಿದ ಗೋಧಿ ಹಿಟ್ಟಿನದು; ಹುಳ ಹಿಡಿಯದಿರಲಿ ಎಂದು ಅದಕ್ಕೆ ಚಿಟಿಕೆ ಮೈಲುತುತ್ತ. ಕಟ್ಟಿನ ಹಿಂದೆ ಕೆಳಮೂಲೆಗಳಿಗೆ ದಾರದ ಕಟ್ಟಿಗೆಯ ರೀಲನ್ನು ಅರ್ಧ ಸೀಳಿ ಬಡಿದಿದ್ದಳು, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ ಎಂದು. ಮಣ್ಣಿನ ಗೋಡೆ ನೋಡಿ, ಮಳೆಗಾಲದಲ್ಲಿ ಬೆವರುತ್ತಿತ್ತು, ಜೊತೆಗೆ ಗೆದ್ದಲು. ಯಾವ ಗೋಡೆಗೆ ಮೊಳೆ ಹೊಡೆಯಬೇಕು ಎಂದು ತೀರ್ಮಾನಿಸುವ ಮೊದಲು ಬೆಳಕಿಂಡಿಯ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಬಹಳ ದಿನ ಕಾದು ನೋಡಿದ್ದಳು. ಬಿಸಿಲು ಎಂದೂ ಮುಟ್ಟದ ಒಂದೇ ಗೋಡೆ ಸಿಕ್ಕಿತು, ಅಡುಗೆಮನೆಯ ಹೊಗೆಗೂ ದೂರ. ದೊಡ್ಡಪ್ಪ ಮಾತ್ರ, ಬಂದವರ ಕಣ್ಣಿಗೆ ಬೀಳಂಗಿಲ್ಲ ಅಲ್ಲಿ ಎಂದು ಗೊಣಗುತ್ತಿದ್ದ.

ಒರೆಸುವುದಕ್ಕೆ ಹಳೆಯ ಧೋತರದ ಒಣ ಬಟ್ಟೆ, ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ಗಾಜಿಗೆ ನೀರು ಮುಟ್ಟಿಸುವಂತೆಯೇ ಇರಲಿಲ್ಲ. ನೀರು ಗಾಜಿನ ಮೇಲೆ ನಿಲ್ಲುವುದಿಲ್ಲ, ಇಳಿದು ಕಟ್ಟಿನ ಸಂದಿಗೆ ಹೋಗುತ್ತದೆ, ಸಂದಿಯಿಂದ ಕಾಗದಕ್ಕೆ ಏರುತ್ತದೆ. ಇದನ್ನು ನನಗೆ ಬಾಯಿಪಾಠದ ಹಾಗೆ ಹೇಳಿಕೊಟ್ಟಿದ್ದಳು. ಮಳೆಗಾಲ ಮುಗಿದ ಮೇಲೆ ಒಂದು ದಿನ ಕೆಳಗಿಳಿಸಿ, ಹಿಂಬದಿಯನ್ನು ಮೂಸಿ ನೋಡುತ್ತಿದ್ದಳು. ವಾಸನೆ ಬಂದರೆ ನೆರಳಿನಲ್ಲಿ ಒಣಗಿಸುವುದು, ಬರದಿದ್ದರೆ ಮತ್ತೆ ಮೇಲೆ. ಮನೆಗೆ ಸುಣ್ಣ ಬಳಿಯುವಾಗ ತನ್ನ ಮೆತ್ತನೆಯ ಹಳೆ ಸೀರೆಯಲ್ಲಿ ಸುತ್ತಿ ಸಂದೂಕದಲ್ಲಿಟ್ಟು, ಸುಣ್ಣ ಪೂರ್ತಿ ಆರುವವರೆಗೆ ಯಾರು ಹೇಳಿದರೂ ತೆಗೆಯುತ್ತಿರಲಿಲ್ಲ. ಓಣಿಯ ಹೆಂಗಸರು, ಗಿರಿಜಾಗೆ ಅತ್ತಿ ಕಾಟ ಇಲ್ಲ, ಮಕ್ಕಳ ಕಾಟ ಇಲ್ಲ, ಅದಕ್ಕ ಗೋಡೆ ಮ್ಯಾಲಿನ ಕೂಸು ಆಡಿಸ್ತಾಳ ಎಂದು ಚಾಷ್ಟಿ ಮಾಡುತ್ತಿದ್ದರು. ಅವಳು ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ಕೇಡು ಶುರುವಾದದ್ದು ಹಿರಿಯರ ಹಬ್ಬದಿಂದ. ನಮ್ಮ ಕಡೆ ಮಹಾನವಮಿ ಅಮಾವಾಸ್ಯೆಗೆ ಸತ್ತ ಹಿರಿಯರನ್ನು ಕರೆದು ಎಡೆ ಇಡುತ್ತಾರೆ, ನಿಮಗೂ ಗೊತ್ತಿರುತ್ತದೆ. ಹೊಸ ಬಟ್ಟೆ, ಹೋಳಿಗೆ, ಕಾಯಿ, ಕರ್ಪೂರ. ಮನೆಯಲ್ಲಿದ್ದ ಹಿರಿಯರ ಪಟ ಅದೊಂದೇ. ಅಮ್ಮ ಆಮೇಲೆ ಹೇಳಿದ ಹಾಗೆ, ಅಜ್ಜಿ ಸತ್ತ ವರ್ಷವೇ ದೊಡ್ಡಪ್ಪ ಅದನ್ನು ಮೊಳೆಯಿಂದ ಇಳಿಸಿ, ಸೆಗಣಿಯಲ್ಲಿ ಆಗಷ್ಟೇ ಸಾರಿಸಿದ ಹಸಿ ನೆಲದ ಮೇಲೆ ಗೋಡೆಗೆ ಒರಗಿಸಿ ಇಟ್ಟ. ಗಾಜಿನ ಮೇಲೆ ಹಣೆಯ ಜಾಗಕ್ಕೆ ನೀರಿನಲ್ಲಿ ಕಲಸಿದ ವಿಭೂತಿ ಬಳಿದ, ಅದರ ನಡುವೆ ಕುಂಕುಮ ಇಟ್ಟ, ಹೂವಿನಿಂದ ನೀರು ಚಿಮುಕಿಸಿದ. ಅತ್ತೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಗಂಡ ಸತ್ತವಳು ಪೂಜೆಯ ಹತ್ತಿರ ಬರುವಂತಿರಲಿಲ್ಲ. ಬರೆದವಳು ಅವಳು, ಸಾಕಿದವಳು ಅವಳು, ಹೆತ್ತವಳ ಪಟದ ಮುಂದೆ ಬಂದು ನಿಲ್ಲುವ ಹಕ್ಕು ಮಾತ್ರ ಅವಳಿಗಿಲ್ಲ. ಅಲ್ಲಿಂದಲೇ ಹೇಳಿದಳು, "ಅಣ್ಣ, ನೀರು ಹಚ್ಚಬ್ಯಾಡ. ಕಾಗದ ಅದು." ದೊಡ್ಡಪ್ಪ ತಿರುಗಿಯೂ ನೋಡದೆ, "ಕಾಗದ ಅಂತೀ ಏನು? ಅವ್ವ ಅದಾಳ ಅದರಾಗ," ಎಂದ. ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲವಂತೆ, ಅವನು ನಿಜವಾಗಿ ಹಾಗೇ ನಂಬಿದ್ದ. ಇದ್ದಾಗ ಅವ್ವ ಕಾಲುನೋವು ಎಂದರೆ ಅಂಗಡಿ ಬಿಟ್ಟು ಒಂದು ದಿನ ಡಾಕ್ಟರ ಹತ್ತಿರ ಕರೆದೊಯ್ಯದವನು, ಸತ್ತ ಮೇಲೆ ಅವಳಿಗೆ ಪೀತಾಂಬರದ ಅಂಚಿನ ಸೀರೆ ಏರಿಸಿ ಗಲ್ಲ ಬಡಿದುಕೊಂಡ. ನನಗೆ ಇವತ್ತೂ ಮೈ ಉರಿಯುವುದು ಇದಕ್ಕೇ.

ಅದು ವರ್ಷವರ್ಷವೂ ನಡೆಯಿತು. ಎರಡು ಹಬ್ಬ ಕಳೆಯುವುದರೊಳಗೆ ಚಿತ್ರದ ಕೆಳ ಅಂಚಿನಲ್ಲಿ ಒಂದು ಕಂದು ಗೆರೆ ಮೂಡಿತು. ಹಸಿ ನೆಲದ ನೀರು ಕಟ್ಟಿನ ತಳದಿಂದ ಹೀರಿಕೊಂಡು ಮೇಲೇರುತ್ತಿತ್ತು. ಕುಂಕುಮ ಕರಗಿ ಗಾಜಿನ ಮೇಲಿಂದ ಇಳಿದು ಸಂದಿಯಲ್ಲಿ ಕೆಂಪಾಗಿ ನಿಂತಿತ್ತು. ಹಬ್ಬದ ಮರುದಿನ ಅತ್ತೆ ಹಿಂದಿನ ಹಲಗೆ ಬಿಚ್ಚಿ, ಹಾಳೆಯನ್ನು ಹಗುರಕ್ಕೆ ಎತ್ತಿ, ನೆರಳಿನಲ್ಲಿ ಬಟ್ಟೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಕುಳಿತುಬಿಡುತ್ತಿದ್ದಳು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಗೆರೆ ಮೊರವನ್ನು ಮುಟ್ಟಿತು, ಮೊಣಕಾಲನ್ನು ಮುಟ್ಟಿತು. ಮುಖಕ್ಕೆ ಬರುವ ಮೊದಲು ಏನಾದರೂ ಮಾಡಬೇಕೆಂದು ಅತ್ತೆ ಒಂದು ದಾರಿ ಹುಡುಕಿದಳು. ಇದೇ ಅಳತೆಯಲ್ಲಿ ಇನ್ನೊಂದು ಬರೆದುಕೊಡುತ್ತೇನೆ, ಪೂಜೆಗೆ ಅದನ್ನಿಡು, ನೀರಾದರೂ ಹಾಕು ಹಾಲಾದರೂ ಹಾಕು, ಇದನ್ನು ಗೋಡೆಯ ಮೇಲೆ ಬಿಡು ಎಂದು ಅಣ್ಣನನ್ನು ಕೇಳಿಕೊಂಡಳು. ದೊಡ್ಡಪ್ಪ ನಕ್ಕ. "ನಕಲಿ ಅವ್ವಗ ಎಡಿ ಹಿಡೀಲೇನು? ಮಂದಿ ಕೇಳಿದ್ರ ನಗ್ತಾರ," ಎಂದ. ಅಪ್ಪ ಅಲ್ಲೇ ಅಡಿಕೆ ಕತ್ತರಿಸುತ್ತ ಕುಳಿತಿದ್ದ. ಒಂದು ಮಾತು ಆಡಬಹುದಿತ್ತು. ಕತ್ತರಿಸಿದ ಅಡಿಕೆಯನ್ನೇ ಮತ್ತೆ ಕತ್ತರಿಸಿದ.

ಅದೇ ಸುಮಾರಿಗೆ ಅತ್ತೆಗೆ ತಾಲೂಕು ಕೇಂದ್ರವಾದ ಹಡಗಲಿಗೆ ವರ್ಗವಾಯಿತು. ಅಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಳು. ಹೊರಡುವ ದಿನ ಚಿತ್ರವನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನ ಪಕ್ಕ ಇಟ್ಟುಕೊಂಡಿದ್ದಳು. ದೊಡ್ಡಪ್ಪ ಬಿಚ್ಚಿ ತೆಗೆದು ಮತ್ತೆ ಮೊಳೆಗೆ ಹಾಕಿದ. ಮನೆಯ ಹಿರಿಯರು ಮನೆ ಬಿಟ್ಟು ಹೋಗಬಾರದಂತೆ. ಅವ್ವ ಇದ್ದ ಕಡೆ ಲಕ್ಷ್ಮಿ ಇರುತ್ತಾಳಂತೆ, ಅಂಗಡಿ ಈಗಷ್ಟೇ ಕುದುರುತ್ತಿದೆಯಂತೆ. ಅತ್ತೆ ಜಗಳ ಆಡಲಿಲ್ಲ. ನನ್ನ ಕೈಗೆ ಧೋತರದ ಒಣ ಬಟ್ಟೆಯ ತುಂಡು ಕೊಟ್ಟು ಬಸ್ಸು ಹತ್ತಿದಳು. ಆಮೇಲೆ ಹಿರಿಯರ ಹಬ್ಬಕ್ಕೆ ಮಾತ್ರ ಅವಳು ಬರಲಿಲ್ಲ. ಶಾಲೆಗೆ ರಜೆ ಇದ್ದರೂ ಬರಲಿಲ್ಲ. ಅದನ್ನು ಕಣ್ಣಿನಿಂದ ನೋಡಲಾರೆ ಎಂದು ಅಪ್ಪನ ಹತ್ತಿರ ಹೇಳಿದ್ದಳಂತೆ, ಅಪ್ಪ ಅದನ್ನೂ ಅಣ್ಣನಿಗೆ ಹೇಳಲಿಲ್ಲ.

ಹಾಗೆ ಅವಳಿಲ್ಲದ ಒಂದು ಹಬ್ಬದಲ್ಲಿ ಅದು ಆಯಿತು. ನಾನು ಆಗ ಹೈಸ್ಕೂಲಿಗೆ ಹೊಸದಾಗಿ ಸೇರಿದ್ದೆ. ದೊಡ್ಡಪ್ಪ ಪಟದ ಮುಂದೆಯೇ ಕಲ್ಲಿಟ್ಟು ಕಾಯಿ ಒಡೆದ. ಚಿಪ್ಪಿನ ಚೂರೊಂದು ಸಿಡಿದು ಗಾಜಿಗೆ ಬಡಿಯಿತು. ಟಿಕ್ಕೆಂದು ಸಣ್ಣ ಸದ್ದು. ಗಾಜಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿರುಕು ಓಡಿತು, ಅಜ್ಜಿಯ ಹೆಗಲ ಮೇಲೆ ಹಾದು. ಕಾಗದಕ್ಕೆ ಏನೂ ಆಗಿರಲಿಲ್ಲ. ನಾನು ಮುಂದೆ ಹೋಗಿ, "ದೊಡ್ಡಪ್ಪ, ಗಾಜು ಅಷ್ಟ ಒಡದೈತಿ, ಬ್ಯಾರೆ ಹಾಕಿಸಿದ್ರಾತು," ಎಂದೆ. ಅವನ ಮುಖ ಬಿಳಿಚಿಕೊಂಡಿತ್ತು. ಒಡೆದ ಮೂರ್ತಿ, ಗಾಜು ಸೀಳಿದ ದೇವರ ಪಟ ಮನೆಯಲ್ಲಿ ಇಡಬಾರದು, ಹೊಳೆಗೆ ಬಿಡಬೇಕು, ಭಿನ್ನವಾದದ್ದನ್ನು ಇಟ್ಟುಕೊಂಡರೆ ಮನೆಗೆ ಕೇಡು ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದು ದೇವರ ಪಟಕ್ಕೆ ಹೇಳಿದ ಮಾತು. ಶೇಂಗಾ ಸುಲಿಯುತ್ತ ಕುಳಿತ ಮುದುಕಿಯ ಚಿತ್ರಕ್ಕೆ ಹೇಳಿದ್ದಲ್ಲ. ಆದರೆ ಅಷ್ಟು ವರ್ಷ ವಿಭೂತಿ ಬಳಿದು, ಎಡೆ ಇಟ್ಟು, ಅಡ್ಡಬಿದ್ದು ಅವನು ಅದನ್ನು ದೇವರ ಪಟ ಮಾಡಿಯಾಗಿತ್ತು. ದೇವರಾದ ಮೇಲೆ ಒಡೆದ ದೇವರ ಗತಿಯೇ ಅದಕ್ಕೂ ಬಂತು. ನಾನು ಅಳುತ್ತ ಕೂಗಾಡಿದೆ, ಅತ್ತೆಗೆ ಒಂದು ಮಾತು ತಿಳಿಸಿ ಎಂದೆ. ದೊಡ್ಡವರ ಮಧ್ಯೆ ನಿನಗೇನು ಕೆಲಸ ಶಾಂತಿ ಎಂದು ದೊಡ್ಡವ್ವ ನನ್ನನ್ನು ಎಳೆದು ಅಡುಗೆಮನೆಗೆ ನೂಕಿದಳು.

ಮರುದಿನ ಬೆಳಿಗ್ಗೆ ಅಣ್ಣತಮ್ಮ ಇಬ್ಬರೂ ಸ್ನಾನ ಮಾಡಿ, ಪಟವನ್ನು ಅಂಗಡಿಯಿಂದ ತಂದ ಹೊಸ ಮಲ್ಲು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹಡಗಲಿಗೆ, ಹಡಗಲಿಯಿಂದ ಹೊಳೆಗೆ. ಅತ್ತೆ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಾಲೆ ಬಸ್ಸಿನ ದಾರಿಯಲ್ಲೇ ಇತ್ತು. ಅವಳು ಬರೆದ ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಶಾಲೆಯ ಮುಂದೆಯೇ ಹೋದರು. ಇಳಿದು, ತಗೋ ತಂಗಿ, ನಮಗಂತೂ ಇದು ಮನೆಯಲ್ಲಿಡಲು ಬರುವುದಿಲ್ಲ, ನೀನೇ ಇಟ್ಟುಕೋ ಎಂದು ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಅಪ್ಪನಿಗೆ ಆ ಯೋಚನೆ ಬಂದಿತ್ತಂತೆ. ಬಂದದ್ದನ್ನು ಹೇಳಲಿಲ್ಲವಂತೆ. ಅಪ್ಪ ಒಳ್ಳೆಯವನು ಎಂದು ಊರೆಲ್ಲ ಹೇಳುತ್ತಿತ್ತು, ಆ ಒಳ್ಳೆಯತನಕ್ಕೆ ನಾನು ಇವತ್ತಿಗೂ ಎರಡು ಕಾಸಿನ ಬೆಲೆ ಕೊಡುವುದಿಲ್ಲ.

ದೀಪಾವಳಿಗೆ ಅತ್ತೆ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳ ಕಣ್ಣು ಮೊದಲು ಹೋಗುವುದು ಆ ಗೋಡೆಗೇ. ಅಲ್ಲಿ ಮೊಳೆಗೆ ಗೊಬ್ಬರದ ಅಂಗಡಿಯ ಕ್ಯಾಲೆಂಡರು ತೂಗುತ್ತಿತ್ತು. ದೊಡ್ಡಪ್ಪ ಹಾಸಿಗೆಯ ಮೇಲೆ ಕುಳಿತು, ಮುಚ್ಚುಮರೆ ಏನೂ ಇಲ್ಲದೆ, ಎಲ್ಲವನ್ನೂ ತಾನೇ ಹೇಳಿದ. ಶಾಸ್ತ್ರದ ಪ್ರಕಾರ ಬಿಟ್ಟು ಬಂದಿರುವುದಾಗಿ, ಹೊಳೆಯ ದಂಡೆಯಲ್ಲಿ ಕಾಯಿ ಒಡೆದದ್ದಾಗಿ, ಅರಿಶಿನ ಕುಂಕುಮ ಹಾಕಿದ್ದಾಗಿ ಹೇಳಿದ. "ಮೊದ್ಲು ಮುಳುಗಲಿಲ್ಲ ಬಿಡು, ತೇಲ್ತಿತ್ತು. ನನ್ನ ವಲ್ಲಿಯಾಗ ಕಲ್ಲು ಕಟ್ಟಿ ಬಿಟ್ಟೆ," ಎಂದ. ಹೆಗಲ ಮೇಲಿನ ಒಳ್ಳೆಯ ವಲ್ಲಿಯನ್ನೇ ಕೊಟ್ಟೆ ಎಂಬ ಸಮಾಧಾನ ಆ ಮಾತಿನಲ್ಲಿತ್ತು. ಅಪ್ಪ ತಲೆ ತಗ್ಗಿಸಿ, ಮುಖ ಮೇಲೆ ಇತ್ತು ಎಂದಷ್ಟೇ ಹೇಳಿದ. ಅತ್ತೆ ನಿಂತೇ ಇದ್ದಳು. ಅವಳು ಕೇಳಿದ್ದು ಒಂದೇ ಮಾತು: "ಕಾಗದ ಹರದಿತ್ತೇನು?" ದೊಡ್ಡಪ್ಪ, "ಇಲ್ಲ, ಅದು ನೆಟ್ಟಗ ಇತ್ತು," ಎಂದ. ಅತ್ತೆ ಹೊಸ್ತಿಲ ಹತ್ತಿರ ಇಟ್ಟ ಚೀಲವನ್ನು ಮತ್ತೆ ಕೈಗೆ ತೆಗೆದುಕೊಂಡು ಬಂದ ದಾರಿಯಲ್ಲೇ ತಿರುಗಿದಳು. ಅಮ್ಮ ಓಡಿ ಹೋಗಿ ಕೈ ಹಿಡಿದರೂ ನಿಲ್ಲಲಿಲ್ಲ, ನೀರೂ ಕುಡಿಯಲಿಲ್ಲ. ಅವತ್ತಿನಿಂದ ಅವಳು ಅಣ್ಣನ ಜೊತೆ ಮಾತಾಡಲಿಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಹಟ ಹಿಡಿದು ಹಡಗಲಿಯ ಕಾಲೇಜು ಸೇರಿದೆ, ಅತ್ತೆಯ ಕೋಣೆಯಲ್ಲೇ ಉಳಿದೆ. ಮಲ್ಲಿಗೆ ಬಿಡಿಸುವ ಕಾಲದಲ್ಲಿ ಆ ಊರೆಲ್ಲ ಗಮಗಮ. ಆ ಗಮಲಿನ ನಡುವೆ ಅತ್ತೆ ಭಾನುವಾರ ಬಂತೆಂದರೆ ಕಿಟಕಿಯ ಹತ್ತಿರ ಹಲಗೆ ಇಟ್ಟುಕೊಂಡು ಅಜ್ಜಿಯನ್ನು ಮತ್ತೆ ಬರೆಯಲು ಕೂರುತ್ತಿದ್ದಳು. ಮೊರ ಬಂತು. ಶೇಂಗಾ ಬಂದವು. ಕೈಗಳು ನಾನು ಗೋಡೆಯ ಮೇಲೆ ನೋಡಿದ್ದಂಥ ಕೈಗಳೇ, ಉಗುರಿನ ಮಣ್ಣು ಸಹಿತ. ಸೆರಗು, ಮೂಗುಬಟ್ಟು, ಕಿವಿಯ ತೂತು ಎಲ್ಲ ಬಂದವು. ಕಣ್ಣಿನ ಹತ್ತಿರ ಬಂದರೆ ಪೆನ್ಸಿಲ್ ನಿಲ್ಲುತ್ತಿತ್ತು. ಬರೆಯುವಳು, ಅಳಿಸುವಳು. ಕಾಗದದ ಮೈ ಆ ಜಾಗದಲ್ಲಿ ಅರಳೆಯ ಹಾಗೆ ಎದ್ದು ಬರುವವರೆಗೆ ಅಳಿಸುವಳು, ಹಾಳೆ ತೆಗೆದಿಟ್ಟು ಇನ್ನೊಂದು ಹಾಳೆ ಇಡುವಳು. ಗೋಡೆಯ ಮೇಲೆ ಇದೆಯಲ್ಲ ಎಂದು ಅಷ್ಟು ವರ್ಷ ಅವ್ವನ ಮುಖವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇ ಇಲ್ಲ ಎಂದು ಒಮ್ಮೆ ಹೇಳಿದಳು. ಇನ್ನೊಮ್ಮೆ, "ಅವ್ವನ ಮಾರಿ ಇರಾದು ಅಣ್ಣನ ಮಾರಿಯಾಗ. ನನಗ ಬರಲಿಲ್ಲ, ನಿಮ್ಮಪ್ಪಗ ಬರಲಿಲ್ಲ. ಒಂದು ತಾಸು ಅವನ್ನ ನೋಡಿದ್ರ ಬರದುಬಿಡ್ತಿದ್ದೆ," ಎಂದಳು. ಹಾಗಾದರೆ ಹೋಗೋಣ ಎಂದೆ. ಅವಳ ಮುಖ ಕೆಂಪಾಯಿತು. "ಅವ್ವಗ ಕಲ್ಲು ಕಟ್ಟಿದವನ ಮುಂದ ಹೋಗಿ ಕುಂದರ್ಲೇನು?" ಎಂದಳು.

ರಜೆಗೆ ಊರಿಗೆ ಹೋದಾಗ ನಾನೇ ದೊಡ್ಡಪ್ಪನಿಗೆ ಹೇಳಿದೆ. ಅವನು ಹುಬ್ಬು ಸಹ ಗಂಟಿಕ್ಕಲಿಲ್ಲ. ಬಾ ಅನ್ನು, ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ, ಅದರಾಗೇನೈತಿ ಎಂದ. ಹೊಸ ಜುಬ್ಬಾ ಹಾಕಿಕೊಳ್ಳಲೇ ಎಂದೂ ಕೇಳಿದ. ನಾನು ಹಡಗಲಿಗೆ ಬಂದು ಇದನ್ನು ಹೇಳಿದರೆ ಅತ್ತೆ ಒಂದೇ ಒಂದು ಮಾತು ಕೇಳಿದಳು. ತಪ್ಪಾತು ಅನ್ನಲಿ, ಅಷ್ಟು ಸಾಕು, ನಾನು ಆ ದಿನವೇ ಬರುತ್ತೇನೆ ಎಂದಳು. ಮುಂದಿನ ರಜೆಗೆ ಆ ಮಾತನ್ನು ಒಯ್ದೆ. ಈಗ ದೊಡ್ಡಪ್ಪ ಗಂಭೀರವಾದ. ಕಳ್ಳತನ ಮಾಡಿದವನು ತಪ್ಪಾಯಿತು ಎನ್ನಬೇಕು, ಹಿರಿಯರನ್ನು ಹೊಳೆಗೆ ಮುಟ್ಟಿಸಿದವನು ಯಾಕೆ ಎನ್ನಬೇಕು ಎಂದು ನನ್ನನ್ನೇ ಕೇಳಿದ. ನಾನು ಇಬ್ಬರ ನಡುವೆ ಓಡಾಡಿ ಸೋತೆ. ನಿಜ ಹೇಳಬೇಕೆಂದರೆ ಅತ್ತೆಯ ಮೇಲೂ ನನಗೆ ಸಿಟ್ಟಿದೆ. ಆ ಒಂದು ಮಾತನ್ನು ಬಿಟ್ಟುಕೊಟ್ಟು, ಹಲ್ಲು ಕಚ್ಚಿ ಒಂದು ಮಧ್ಯಾಹ್ನ ಅವನ ಮುಂದೆ ಕುಳಿತು ಎದ್ದು ಬಂದಿದ್ದರೆ ನನಗೂ ಅಜ್ಜಿ ಸಿಗುತ್ತಿದ್ದಳು. ಹಾಗೆ ಅಂದುಕೊಂಡ ಮರುಕ್ಷಣ, ಯಾಕೆ ಬಿಟ್ಟುಕೊಡಬೇಕು, ಆ ಮನೆಯಲ್ಲಿ ಅವಳು ಬಿಟ್ಟುಕೊಡದೆ ಉಳಿದದ್ದು ಅದೊಂದೇ ಅಲ್ಲವೇ ಎನ್ನಿಸುತ್ತದೆ. ಎರಡೂ ಸಿಟ್ಟು ನನ್ನೊಳಗೆ ಒಟ್ಟಿಗೇ ಇವೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ದೊಡ್ಡಪ್ಪ ಅಂಗಡಿಯ ಗಾದಿಯ ಮೇಲೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಸುದ್ದಿ ಹಡಗಲಿಗೆ ಮುಟ್ಟಿದಾಗ ಅತ್ತೆ ಎದ್ದು ಕೈಕಾಲು ತೊಳೆದು, ನಡಿ ಎಂದಳು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿದ್ದಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ದೊಡ್ಡಪ್ಪನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿದ್ದರು. ತಲೆಗೆ ರುಮಾಲು ಸುತ್ತಿ, ಕೊರಳಿಗೆ ಹಾರ ಹಾಕಿ, ಹಣೆಯ ತುಂಬ ದಪ್ಪಗೆ ವಿಭೂತಿ ಬಳಿದಿದ್ದರು. ಅತ್ತೆ ಯಾರನ್ನೂ ಮಾತಾಡಿಸದೆ ನೇರ ಹೋಗಿ ಅವನ ಮುಂದೆ, ಕೈಗೆ ಸಿಗುವಷ್ಟು ಹತ್ತಿರ, ಕುಳಿತಳು. ಒಡಹುಟ್ಟಿದ ಕರುಳು, ಎಷ್ಟು ವೈರ ಇದ್ದರೇನು, ತಡೆಯುತ್ತದೆಯೇ ಎಂದು ಹೆಂಗಸರು ಮೂಗು ಒರೆಸಿಕೊಂಡರು. ಅವಳು ಅಳುತ್ತಿರಲಿಲ್ಲ. ನಾನು ಪಕ್ಕದಲ್ಲಿದ್ದೆ, ನನಗೆ ಗೊತ್ತು. ಅವಳು ನೋಡುತ್ತಿದ್ದಳು, ಬರೆಯುವ ಮೊದಲು ನೋಡುವ ಹಾಗೆ, ಒಂದು ಕಣ್ಣನ್ನು ಚೂರು ಕಿರಿದು ಮಾಡಿ. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಆಡುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ, ಹಣೆಯ ಮೇಲಿನ ವಿಭೂತಿ ಸ್ವಲ್ಪ ಒರೆಸ್ರಿ ಎಂದಳು. ಎಲ್ಲರೂ ಅವಳನ್ನು ದಿಟ್ಟಿಸಿದರು. ಹಿರಿಯರೊಬ್ಬರು, ದುಃಖಕ್ಕೆ ತಲೆ ಕೆಟ್ಟಿದೆ, ಕರೆದುಕೊಂಡು ಒಳಗೆ ಹೋಗವ್ವ ಎಂದು ನನಗೆ ಸನ್ನೆ ಮಾಡಿದರು. ಯಾರೂ ಒರೆಸಲಿಲ್ಲ. ನಾನು ಏಳಲಿಲ್ಲ, ಅವಳನ್ನೂ ಏಳಿಸಲಿಲ್ಲ. ಬಾಗಿಲ ಹೊರಗೆ ಬಾಜಾದವರು ಬಂದು ನಿಂತರು. ಹೊತ್ತಾಯಿತು, ಎತ್ತೋಣ ಎಂಬ ಮಾತು ಶುರುವಾಯಿತು. ಆಗ ಅತ್ತೆ ನನ್ನ ಮೊಣಕೈ ಹಿಡಿದು, ಯಾರಿಗೂ ಕೇಳದ ದನಿಯಲ್ಲಿ ಹೇಳಿದಳು.

"ಗದ್ದ ಅವ್ವಂದ. ಮೂಗೂ ಅವ್ವಂದ. ಕಣ್ಣು ಮುಚ್ಚಿಬಿಟ್ಟಾರಲ್ಲೇ ಶಾಂತಿ."

ಹೆಗಲು ಕೊಡುವವರು ಬಂದು ಅವನನ್ನು ಕೂತ ಹಾಗೆಯೇ ಎತ್ತಿದರು. ನಾವು ಹೆಂಗಸರು ಹೊಸ್ತಿಲ ಹತ್ತಿರವೇ ನಿಲ್ಲಬೇಕಾಗಿತ್ತು. ಓಣಿಯಲ್ಲಿ ಮಂದಿಯ ತಲೆಗಳ ಮೇಲೆ ಆ ಮುಖ ಅತ್ತಿತ್ತ ತೂಗುತ್ತ ದೂರವಾಗುತ್ತಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, ರೆಪ್ಪೆ ಹೊಡೆಯದೆ, ಮೂಲೆ ತಿರುಗುವವರೆಗೆ ನೋಡಿದಳು. ನಾನೂ ನೋಡಿದೆ. ಆಮೇಲೆ ಓಣಿ ಖಾಲಿಯಾಯಿತು, ಯಾರೋ ಮನೆ ತೊಳೆಯಲು ನೀರು ತಂದರು.